ಸಿಂಪಿಕುರ್ವೆಯ ಬೆನ್ನುಬಂಡೆ

ಸಿಂಪಿಕುರ್ವೆ ಎಂಬ ನಡುಗಡ್ಡೆಗೆ ಇಂದಿಗೂ ಸೇತುವೆಯಿಲ್ಲ. ಹೊಳೆಯು ಕಡಲನ್ನು ಸೇರುವ ಅಳಿವೆಯಲ್ಲಿ ದೋಣಿ ಹಿಡಿದೇ ಹೋಗಬೇಕು. ಅದರ ಪಡುವಣ ತುದಿಯಲ್ಲಿ ಆಳೆತ್ತರದ ಕರಿಬಂಡೆಯೊಂದಿದೆ. ಊರವರು ಅದನ್ನು ಬೆನ್ನುಬಂಡೆ ಎನ್ನುತ್ತಾರೆ. ಮಲಗಿದ ಎಮ್ಮೆಯ ಬೆನ್ನಿನಂತಿರುವುದರಿಂದ ಈ ಹೆಸರು ಬಂತೆಂದು ದೋಣಿಯವರು ಪ್ರವಾಸಿಗರಿಗೆ ಹೇಳುವುದುಂಟು. ಅದು ಸರಿಯಲ್ಲ. ಬಂಡೆಯನ್ನು ಯಾವ ದಿಕ್ಕಿನಿಂದ ನೋಡಿದರೂ ಎಮ್ಮೆ ಕಾಣುವುದಿಲ್ಲ. ಹೆಸರು ಬಂದದ್ದು ಹೊನ್ನಿ ಎಂಬ ಹೆಂಗಸಿನಿಂದ.

ಹಿಂದೆ ಒಮ್ಮೆ, ಹಾಯಿಹಡಗುಗಳು ಹೆಂಚು ಹೇರಿಕೊಂಡು ತೆಂಕಣ ಬಂದರುಗಳಿಗೆ ಹೋಗುತ್ತಿದ್ದ ಕಾಲದಲ್ಲಿ, ಹೊನ್ನಿಯ ಗಂಡ ಜಟ್ಟ ಅಂಥದೊಂದು ಹಡಗನ್ನೇರಿ ಹೋದ. ಮಳೆಗಾಲ ಬಂತು, ಹೋಯಿತು. ಮತ್ತೊಂದೂ ಬಂತು, ಹೋಯಿತು. ಅವನ ಸುದ್ದಿ ಬರಲಿಲ್ಲ. ಕುರ್ವೆಯಲ್ಲಿ ಒಂದು ಕಟ್ಟಳೆಯಿತ್ತು. ಗಂಡ ಕಡಲಿನಲ್ಲಿರುವವರೆಗೆ ಹೆಂಡತಿ ದಂಡೆಯಲ್ಲಿ ನೀರಿಗೆ ಬೆನ್ನು ಹಾಕಿಯೇ ಕೆಲಸ ಮಾಡಬೇಕು. ಅವಳು ಆಸೆಗಣ್ಣಿನಿಂದ ನೋಡಿದರೆ ಕಡಲಿಗೂ ಅವನ ಮೇಲೆ ಆಸೆ ಹುಟ್ಟುತ್ತದೆ ಎನ್ನುತ್ತಾರೆ. ಹೊನ್ನಿ ಪ್ರತಿ ಸಂಜೆ ಬಂಡೆಯ ಮೇಲೆ ಊರಿನ ಕಡೆ ಮುಖಮಾಡಿ ಕುಳಿತು, ಚಿಪ್ಪಿನೊಳಗಿನ ಮಾಂಸಕ್ಕಾಗಿ ಸಿಂಪಿ ಒಡೆಯುತ್ತಿದ್ದಳು. ಅಲೆಯ ಸದ್ದಿನಲ್ಲಿ ದೋಣಿಯ ಹುಟ್ಟು ನೀರಿಗೆ ಬೀಳುವ ಸದ್ದೂ ಸೇರಿದೆಯೇ ಎಂದು ಕಿವಿಗೊಡುತ್ತಿದ್ದಳು. ಜಟ್ಟನ ಮುಖ ಅವಳ ನೆನಪಿನಲ್ಲಿ ಅಂಚಿನಿಂದ ಮಾಸತೊಡಗಿತ್ತು. ತನ್ನ ಮುಖವೂ ಅವನಿಗೆ ಹಾಗೆಯೇ ಮಾಸುತ್ತಿರಬಹುದೆಂಬುದು ಅವಳ ದೊಡ್ಡ ಅಳುಕು.

ಆ ವರ್ಷ ಬಂದರು ಪೇಟೆಯಿಂದ ಪಟ ತೆಗೆಯುವ ರೋಕಿ ಸೋಜರು, ಮುಕ್ಕಾಲಿಯ ಮೇಲೆ ನಿಲ್ಲುವ ಪೆಟ್ಟಿಗೆಯೊಂದಿಗೆ ಬಂದಿಳಿದರು. ಕುರ್ವೆಯವರ ನಿತ್ಯದ ಬದುಕಿನ ಪಟ ಬೇಕೆಂದರು. ಮರುದಿನ ಊರಿಗೆ ಊರೇ ಮದುವೆಯ ಸೀರೆ ಉಟ್ಟು, ಹೂ ಮುಡಿದು ನೆರೆಯಿತು. "ಇದಲ್ಲ, ದಿನಾ ಉಡುವುದನ್ನು ಉಟ್ಟು, ದಿನಾ ಮಾಡುವುದನ್ನೇ ಮಾಡಿ" ಎಂದು ಸೋಜರು ತಲೆ ಚಚ್ಚಿಕೊಂಡರು. "ಹರಕು ಸೀರೆ ನೋಡೂಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯಾ? ನಿನ್ನ ಹೆಂಡತಿ ಹತ್ರ ಇಲ್ವಾ?" ಎಂದು ಕುಪ್ಪಜ್ಜಿ ಕೇಳಿದಳು. ಸೋಜರೂ ನಕ್ಕರು. ಪಟಗಳನ್ನು ತಮ್ಮ ಅಂಗಡಿಯ ಗಾಜಿನ ಹಿಂದೆ ತೂಗುಹಾಕುವುದಾಗಿಯೂ, ಹಡಗಿನವರೆಲ್ಲ ಅಲ್ಲಿ ನಿಂತು ನೋಡಿ ಹೋಗುವುದಾಗಿಯೂ ತಿಳಿಸಿದರು. ಆ ಮಾತು ಹೊನ್ನಿಯ ಎದೆಯಲ್ಲಿ ನಾಟಿತು.

ಸಂಜೆ ಕಡಲಿನ ನೀರು ಇಳಿದಿದ್ದಾಗ ಸೋಜರು ಬಂಡೆಯ ಕೆಳಗೆ, ಕಡಲಿನ ಕಡೆಯಲ್ಲಿ ಪೆಟ್ಟಿಗೆ ನಿಲ್ಲಿಸಿದರು. ಬೆಳಕು ಪಡುವಣದ್ದು, ಅಲ್ಲಿಂದಲ್ಲದೆ ಪಟ ಬಾರದು. ಸಿಂಪಿ ಒಡೆಯುತ್ತಿದ್ದ ಹೆಂಗಸರಲ್ಲಿ ಗಂಡಂದಿರು ದಡದಲ್ಲಿದ್ದವರು ಅವರತ್ತ ತಿರುಗಿದರು. ಹೊನ್ನಿ ತಿರುಗಲಿಲ್ಲ. "ಮುಖ ಈಚೆ ಮಾಡು ತಂಗಿ. ನಿನ್ನವನು ಕಂಡರೆ ಗುರುತು ಹಿಡಿಯಬೇಡವೇ?" ಎಂದರು ಸೋಜರು. ಅವಳ ಕೈಯ ಕತ್ತಿ ನಿಂತಿತು. ಕತ್ತು ತುಸು ಹೊರಳಿತು, ಮತ್ತೆ ಮರಳಿತು. "ನಾನು ತಿರುಗಿದ್ರೆ ಗುರುತು ಹಿಡಿಯೂಕೆ ಅವರೇ ಇರೂದಿಲ್ಲ ಸೋಜರೇ. ಬೆನ್ನೇ ತೆಗೀರಿ" ಎಂದಳು.

ಮುಂದಿನ ಬೇಸಿಗೆಗೆ ಸೋಜರು ಸುದ್ದಿ ತಂದರು. ಗಡ್ಡ ಬೆಳೆದ ಹಡಗಿನವನೊಬ್ಬ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಪಟದಲ್ಲಿ ನಗುತ್ತಿದ್ದ ಮುಖಗಳನ್ನೆಲ್ಲ ಬಿಟ್ಟು ಆ ಬೆನ್ನಿನ ಮೇಲೆ ಬೆರಳಿಟ್ಟು, "ಇವಳು ಇನ್ನೂ ತಿರುಗಿಲ್ಲ" ಎಂದನಂತೆ. ಈ ಸಲದ ಸರಕು ಇಳಿಸಿ ಊರಿಗೆ ಬರುತ್ತೇನೆಂದು ಹೇಳಿ, ಪಟವನ್ನು ಬೇಡಿ ಪಡೆದು, ಅಂದೇ ಹಾಯಿ ಬಿಚ್ಚಿದ ಹಡಗಿನಲ್ಲಿ ಹೋದನಂತೆ. ಎಲ್ಲವನ್ನೂ ಕೇಳಿಸಿಕೊಂಡ ಹೊನ್ನಿ, "ಸೊರಗಿದ್ರಾ?" ಎಂದಷ್ಟೇ ಕೇಳಿದಳು.

ಜಟ್ಟ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಹೊನ್ನಿಯ ಕೂದಲು ಬೆಳ್ಳಗಾಯಿತು. ಅವಳು ಬಂಡೆ ಬಿಡಲಿಲ್ಲ, ತಿರುಗಲೂ ಇಲ್ಲ. ಕಡೆಗೆ ಅವಳನ್ನು ದಂಡೆಯ ದಾರಿಯಲ್ಲಿ ಹೊತ್ತೊಯ್ಯುವಾಗಲೂ ಊರವರು ಅವಳ ಮುಖ ಕಡಲಿನ ಕಡೆಗೆ ವಾಲದಂತೆ ಎಚ್ಚರ ವಹಿಸಿದರು. ಜಟ್ಟ ಇಲ್ಲವೆಂದು ಯಾರೂ ಹೇಳಿರಲಿಲ್ಲ.

ಈಗಲೂ ಸಂಜೆ ಸೂರ್ಯಾಸ್ತ ನೋಡಲು ಜನ ಬೆನ್ನುಬಂಡೆಯ ಬಳಿ ಗುಂಪುಗೂಡುತ್ತಾರೆ. ಅವರ ಪಕ್ಕದಲ್ಲೇ, ಮನೆಯ ಗಂಡಸರು ಕಡಲಿಗೆ ಹೋಗಿರುವ ಹೆಂಗಸರು ಸಿಂಪಿ ಒಡೆಯುತ್ತಿರುತ್ತಾರೆ. ಸೂರ್ಯ ಮುಳುಗಿದ್ದು ಅವರಿಗೆ ಗೊತ್ತಾಗುವುದು, ಎದುರಿಗೆ ಊರಿನತ್ತ ಚಾಚಿದ್ದ ತಮ್ಮ ನೆರಳು ಅಳಿಸಿಹೋದಾಗ.