ಬೆಳ್ಳಿ ಬೋಗುಣಿ ಮತ್ತು ನೆಲ ಒರೆಸುವ ಬಟ್ಟೆ

ಪವಿತ್ರ ಗುರುವಾರದ ಪೂಜೆಯಲ್ಲಿ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಚರ್ಚಿನ ಗುರುಗಳು ಹನ್ನೆರಡು ಜನರ ಕಾಲು ತೊಳೆದರು. ಆಮೇಲೆ ಬೆಳ್ಳಿ ಬೋಗುಣಿಯನ್ನು ನೀರಿನ ಸಮೇತ ಚರ್ಚಿನ ಹಿಂದಿನ ಜಗಲಿಯಲ್ಲಿ ಇಟ್ಟರು. ಅಲ್ಲೇ ನೆಲ ಒರೆಸುವ ಬಟ್ಟೆ ಬಿದ್ದಿತ್ತು.

“ದೂರ ಸರಿ. ನಾನು ಕ್ರಿಸ್ತನ ಸೇವೆ ಮುಗಿಸಿ ಬಂದಿದ್ದೇನೆ,” ಎಂದಿತು ಬೋಗುಣಿ.

ಬಟ್ಟೆ ಇಣುಕಿ ನೋಡಿತು. “ಅಷ್ಟು ಜನರ ಕಾಲು ತೊಳೆದರೂ ನೀರು ತಿಳಿಯಾಗಿಯೇ ಇದೆಯಲ್ಲ?”

“ಅವರು ಮರ್ಯಾದಸ್ಥರು. ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದಿದ್ದರು.”

“ಹಾಗಾದರೆ ನಿಮಗೆ ಇವತ್ತು ಕೆಲಸವೇ ಇರಲಿಲ್ಲ ಅನ್ನಿ.”

“ಅದು ಕೆಲಸವಲ್ಲ, ಆರಾಧನೆ.”

“ನನಗೆ ಎರಡೂ ಒಂದೇ. ಸೆವ್ರಿನ್ ಬಾಯಿ ದಿನವೂ ಮೊಣಕಾಲೂರಿ ಈ ಚರ್ಚಿನ ನೆಲ ಒರೆಸುತ್ತಾಳೆ, ಒರೆಸುತ್ತಲೇ ಪ್ರಾರ್ಥಿಸುತ್ತಾಳೆ. ತನ್ನ ಕಾಲನ್ನೂ ಇವತ್ತು ತೊಳೆಯಬಹುದೇ ಎಂದು ಕೇಳಿದಳು. ಕಾಲಿನ ಹುಣ್ಣು ವಾಸಿಯಾದ ಮೇಲೆ ಬಾ ಎಂದರಂತೆ ಗುರುಗಳು. ಅಗೋ, ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಾಳೆ. ಆ ನೀರನ್ನಾದರೂ ಅವಳಿಗೆ ಕೊಡಿ.”

“ಹುಣ್ಣಿನ ಕಾಲಿಗೆ ಕೊಟ್ಟರೆ ನನ್ನ ಹೊಳಪು ಹೋಗುತ್ತದೆ.”

ಚರ್ಚಿನ ಪರಿಚಾರಕ ಬಂದು ನೀರನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದ. ಬೋಗುಣಿಯನ್ನು ಒರೆಸಿ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಸೆವ್ರಿನ್ ಬಾಯಿ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕಾಲು ತೊಳೆಯುವಾಗ ಕುರ್ಚಿಗಳ ಸುತ್ತ ಚೆಲ್ಲಿದ್ದ ನೀರನ್ನೆಲ್ಲ ಒರೆಸಿದಳು. ಹೊರಗೆ ಬಂದು, ಅತ್ತಿತ್ತ ನೋಡಿ, ಬಟ್ಟೆಯನ್ನು ತನ್ನ ಕಾಲಿನ ಮೇಲೆ ಹಿಂಡಿಕೊಂಡಳು. ಹುಣ್ಣು ಉರಿಯಿತು. ಅವಳು ತುಟಿ ಕಚ್ಚಿ ಕಣ್ಣು ಮುಚ್ಚಿದಳು.

“ಕ್ಷಮಿಸು ತಾಯಿ,” ಎಂದಿತು ಬಟ್ಟೆ. “ನನ್ನ ಹತ್ತಿರ ಇದ್ದದ್ದು ಕೊಳೆ ನೀರು ಮಾತ್ರ.”