ಗಾಳಿಯ ವ್ಯುತ್ಪತ್ತಿ

ಜೋಳ ತುಂಬಿ ಬಾಯಿ ಮುಚ್ಚಿದ ನೆಲದಡಿಯ ಹಗೇವಿನಲ್ಲಿ ತಾಯಿ ಇಲಿಯೊಂದು ಮರಿಗಳೊಂದಿಗೆ ಸಿಕ್ಕಿಬಿದ್ದಿತ್ತು. ಮರಿಗಳು ಏದುಸಿರು ಬಿಡತೊಡಗಿದಾಗ, ತನ್ನ ಜೊತೆಗೇ ಸಿಕ್ಕಿಬಿದ್ದಿದ್ದ ಹೆಗ್ಗಣದ ಬಳಿ ಓಡಿತು. ಶಾಲೆಯ ಕಪಾಟಿನಲ್ಲಿ ನಿಘಂಟು ಕಡಿದು ಬೆಳೆದ ಹೆಗ್ಗಣ ಅದು.

“ಅಣ್ಣಾ, ನನ್ನ ಹಲ್ಲಿಗೆ ಈ ಗೋಡೆ ಬಗ್ಗದು. ನೀನೊಂದು ತೂತು ಕೊರೆದುಕೊಡು.”

“ತೂತು ಎನ್ನಬೇಡ ತಂಗಿ, ವಾತಾಯನ ಎನ್ನು. ವಾತ ಎಂದರೆ ಗಾಳಿ, ಅಯನ ಎಂದರೆ ದಾರಿ.”

“ಆ ದಾರಿಯನ್ನೇ ಕೊರೆಯೋ ಪುಣ್ಯಾತ್ಮ!”

“ತಾಳು. ಇಂಗ್ಲಿಷಿನಲ್ಲಿ ವೆಂಟಿಲೇಶನ್. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿಯೂ ಗಾಳಿಯೇ! ಎಲ್ಲಿ ಅಗೆದರೂ ಗಾಳಿ ಸಿಗುತ್ತದೆ, ನೋಡು.”

“ಇಲ್ಲೊಂದು ಕಡೆ ಬಿಟ್ಟು,” ಎಂದ ಇಲಿ ತಾನೇ ಗೋಡೆಗೆ ಬಾಯಿ ಹಾಕಿತು. ಹಲ್ಲು ಮುರಿಯಿತು.

ಅಷ್ಟರಲ್ಲಿ ಮೇಲಿನ ಕಲ್ಲು ಸರಿಯಿತು. ಜನ ಹಗ್ಗದಲ್ಲಿ ದೀಪ ಇಳಿಬಿಟ್ಟರು. ಅರ್ಧ ದಾರಿಗೇ ಅದು ಆರಿಹೋಯಿತು.

“ಯಾರೂ ಇಳೀಬ್ಯಾಡ್ರೋ, ಒಳಗ ಗಾಳಿ ಇಲ್ಲ! ಬಾಯಿ ತೆರೆದಿಡ್ರಿ,” ಎಂದು ಯಾರೋ ಕೂಗಿದರು.

ಹೆಗ್ಗಣ ಹಿಗ್ಗಿತು. “ಕೇಳಿದೆಯಾ? ಇವರೂ ಗಾಳಿ ಎಂಬ ಅದೇ ಪದ ಬಳಸುತ್ತಾರೆ.”

ತಣ್ಣನೆಯ ಗಾಳಿ ನಿಧಾನವಾಗಿ ಇಳಿದು ಮರಿಗಳ ಮೇಲೆ ಸುಳಿಯಿತು. ಇಲಿ ಒಂದೊಂದರ ಮೂತಿಯನ್ನೂ ನೆಕ್ಕಿ ನೋಡಿತು. ಯಾವುದೂ ಉಸಿರು ತೆಗೆದುಕೊಳ್ಳಲಿಲ್ಲ.