ಓರಗಿತ್ತಿಯ ಹೊಗೆಗೂಡು

ಮಠದ ಹಿರಿಯ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ: “ನನ್ನ ನಂತರ ಬಂದ ಮುರಿಗೆಯ್ಯ ಧ್ಯಾನಕ್ಕೆ ಕೂತರೆ ಅಲುಗಾಡುವುದಿಲ್ಲ. ನನ್ನ ಮನಸ್ಸು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅವನಿಗೆ ಗುಟ್ಟಾಗಿ ಏನು ಹೇಳಿಕೊಟ್ಟಿದ್ದೀರಿ?”

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಓರಗಿತ್ತಿಯರಿದ್ದರು. ಹಿರಿಯಳು ಸಂಕವ್ವ, ಕಿರಿಯಳು ತುಂಗವ್ವ. ಇಬ್ಬರ ಗಂಡಂದಿರೂ ಕಲ್ಲು ಒಡೆಯಲು ಹೋಗುವವರು. ಅಕ್ಕಪಕ್ಕದಲ್ಲಿ ಎರಡು ಹುಲ್ಲಿನ ಮನೆ, ನಡುವೆ ಒಂದು ಮೋಟುಗೋಡೆ. ಅತ್ತೆ ಹಿರಿಯ ಸೊಸೆಯ ಮನೆಯಲ್ಲಿದ್ದಳು. ಅದು ಸಂಕವ್ವನಿಗೆ ಹೆಮ್ಮೆ.

ಎರಡೂ ಮನೆಗಳಲ್ಲಿ ಸೌದೆ ಒಲೆ. ಹೊಗೆ ಹೋಗಲು ದಾರಿಯಿರಲಿಲ್ಲ. ಅತ್ತೆ ಹಗಲೆಲ್ಲ ಕೆಮ್ಮುತ್ತಿದ್ದಳು.

ತುಂಗವ್ವ ಹೊಗೆಗೂಡು ಕಟ್ಟಬೇಕೆಂದುಕೊಂಡಳು. ಕೈಯಲ್ಲಿ ಕಾಸಿರಲಿಲ್ಲ. ಕುಂಬಾರನ ಆವಿಗೆಯ ಹಿಂದೆ ಬಿರುಕು ಬಿಟ್ಟ ಗಡಿಗೆಗಳು ಬಿದ್ದಿದ್ದವು. ಅವನ್ನು ಬೇಡಿ ತಂದಳು. ಹೇಗೆ ಜೋಡಿಸಬೇಕೆಂದು ಕುಂಬಾರನನ್ನು ಕೇಳಿದಳು, ಅವನ ಹೆಂಡತಿಯನ್ನು ಕೇಳಿದಳು, ಬೆಲ್ಲದ ಆಲೆಮನೆಯವರನ್ನೂ ಕೇಳಿದಳು. ಗಡಿಗೆಗಳ ತಳ ಒಡೆದು, ಒಂದರ ಮೇಲೊಂದು ಕೂರಿಸಿ, ಸಂದಿಗೆಲ್ಲ ಮಣ್ಣು ಮೆತ್ತಿದಳು. ಗೋಡೆಯಲ್ಲಿ ಕಂಡಿ ಕೊರೆದು ಹೊಗೆಯನ್ನು ಹೊರಗೆ ತಂದು, ಅಲ್ಲಿಂದ ಮಾಡಿಗಿಂತ ಮೇಲಕ್ಕೆ ಒಯ್ದಳು. ಸೂರಿನ ಹುಲ್ಲನ್ನು ಒಂದು ಮೊಳ ಕತ್ತರಿಸಿ ಹಿಂದಕ್ಕೆ ಸರಿಸಿದಳು. ಬುಡದಲ್ಲಿ ಮಸಿ ತೆಗೆಯಲು ಒಂದು ಬಾಯಿ ಬಿಟ್ಟಳು.

ಒಲೆ ಹೊತ್ತಿಸಿದಾಗ ಅಡುಗೆಮನೆಯಲ್ಲಿ ಹೊಗೆಯಿರಲಿಲ್ಲ. ನೋಡಲು ಊರ ಹೆಂಗಸರು ಬಂದರು. ಅವರ ಹಿಂದೆ ಅತ್ತೆಯೂ ಬಂದಳು. ಅಲ್ಲೇ ಕೂತಳು. ಮರುದಿನ ತನ್ನ ಮಣೆಯನ್ನೂ ತಂದುಕೊಂಡಳು.

ಸಂಕವ್ವ ಆ ಮಣೆ ಹೋಗುವುದನ್ನು ನೋಡಿದಳು. ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ರೊಟ್ಟಿ ತಟ್ಟುತ್ತಿದ್ದರೂ ಕಿವಿ ಮೋಟುಗೋಡೆಯ ಆಚೆಗಿರುತ್ತಿತ್ತು. ಅತ್ತೆ ನಕ್ಕರೆ ತನ್ನನ್ನು ಆಡಿಕೊಂಡು ನಕ್ಕಳು ಎನ್ನಿಸುತ್ತಿತ್ತು. ಅತ್ತೆ ಕೆಮ್ಮದಿದ್ದರೆ ಇನ್ನೂ ಸಂಕಟವಾಗುತ್ತಿತ್ತು.

ಅವಳೂ ಹೊಗೆಗೂಡು ಕಟ್ಟಲು ಹೊರಟಳು. ಯಾರನ್ನೂ ಕೇಳಲಿಲ್ಲ. ಮೋಟುಗೋಡೆಯ ಮೇಲಿಂದ ಕಂಡಷ್ಟು ನೋಡಿಕೊಂಡಳು. ತುಂಗವ್ವನದು ಒಡಕು ಗಡಿಗೆ, ತನ್ನದು ಹಾಗಿರಬಾರದು ಎಂದು ಹಳೆಯ ಎಣ್ಣೆಡಬ್ಬಗಳ ತಗಡು ಸುತ್ತಿ ಕೊಳವೆ ಮಾಡಿಸಿದಳು. ತುಂಗವ್ವನದು ಗೋಡೆಯ ಪಕ್ಕದಲ್ಲಿ ಮರೆಯಾಗಿತ್ತು. ತನ್ನದು ಬೀದಿಗೆ ಕಾಣಬೇಕೆಂದು ಮಾಡಿನ ನಡುವೆಯೇ ಹುಲ್ಲಿನೊಳಗಿಂದ ತೂರಿಸಿ ಮೇಲಕ್ಕೆ ನಿಲ್ಲಿಸಿದಳು. ಅದು ಓರಗಿತ್ತಿಯದಕ್ಕಿಂತ ಒಂದು ಮಾರು ಎತ್ತರವಿತ್ತು.

ತುಂಗವ್ವ ಅಂಗಳದಲ್ಲಿ ನಿಂತು ಕೂಗಿದಳು: “ಅಕ್ಕಾ, ತಗಡಿಗೂ ಹುಲ್ಲಿಗೂ ನಡುವೆ ಜಾಗ ಬಿಟ್ಟಿದ್ದೀಯಾ?”

“ನನ್ನದು ಎತ್ತರವಾಯಿತೆಂದು ನಿನಗೆ ಹೊಟ್ಟೆಯುರಿಯೇ?” ಎಂದಳು ಸಂಕವ್ವ.

ತುಂಗವ್ವ ಒಳಗೆ ಹೋಗಿ ಕೊಡಗಳಿಗೆಲ್ಲ ನೀರು ತುಂಬಿಸಿಟ್ಟಳು.

ಸಂಕವ್ವ ಅತ್ತೆಯನ್ನು ಕರೆತಂದು ಒಲೆಯ ಮುಂದೆ ಕೂರಿಸಿದಳು. ಹೋಳಿಗೆಗೆ ಬೇಳೆ ಇಟ್ಟಳು. ಮನೆಯಲ್ಲಿ ಹೊಗೆಯಿರಲಿಲ್ಲ. “ಚೆನ್ನಾಗಿದೆಯಮ್ಮಾ” ಎಂದಳು ಅತ್ತೆ. ಆ ಮಾತು ಕೇಳಿ ಸಂಕವ್ವ ಇನ್ನಷ್ಟು ಸೌದೆ ಒಟ್ಟಿದಳು. ತಗಡು ಕೆಂಪಗೆ ಕಾಯಿತು. ಮಾಡಿನ ಹುಲ್ಲು ಹೊತ್ತಿಕೊಂಡಿತು.

ತುಂಗವ್ವ ಮೋಟುಗೋಡೆ ಹಾರಿ ಬಂದಳು. ಅತ್ತೆಯನ್ನು ಎತ್ತಿಕೊಂಡು ಹೊರಗೆ ಬರುವಾಗ ತನ್ನ ತೋಳು ಸುಟ್ಟುಕೊಂಡಳು. ತುಂಬಿಸಿಟ್ಟ ಕೊಡಗಳು ಸಾಲಲಿಲ್ಲ. ಊರವರು ಓಡಿ ಬರುವ ಹೊತ್ತಿಗೆ ಸಂಕವ್ವನ ಮನೆಯ ಗೋಡೆಗಳಷ್ಟೇ ಉಳಿದಿದ್ದವು. ಗಾಳಿ ಆಚೆಗೆ ಬೀಸುತ್ತಿದ್ದುದರಿಂದ ತುಂಗವ್ವನ ಮನೆಗೆ ಕಿಡಿ ತಾಕಲಿಲ್ಲ.

ಸಂಕವ್ವ ಬೀದಿಯಲ್ಲಿ ನಿಂತಿದ್ದಳು. ಅವಳು ಉರಿದುಹೋದ ತನ್ನ ಮನೆಯನ್ನು ನೋಡುತ್ತಿರಲಿಲ್ಲ. ಇನ್ನೂ ನೆಟ್ಟಗೆ ನಿಂತಿದ್ದ ಆ ಒಡಕು ಗಡಿಗೆಗಳನ್ನು ನೋಡುತ್ತಿದ್ದಳು.

ತುಂಗವ್ವ ಸುಟ್ಟ ತೋಳನ್ನು ಎದೆಗೆ ಒತ್ತಿಕೊಂಡು ಬಂದು, “ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕಾ. ನಾನೇ ಬಂದು ಕಟ್ಟಿಕೊಡುತ್ತಿದ್ದೆ” ಎಂದಳು.

“ಅದಕ್ಕೇ ಕೇಳಲಿಲ್ಲ” ಎಂದಳು ಸಂಕವ್ವ.

ಆ ದಿನ ಎರಡೂ ಮನೆಯವರು ತುಂಗವ್ವನ ಮನೆಯಲ್ಲೇ ಉಂಡರು. ಸಂಕವ್ವನಿಗೂ ಎಲೆ ಹಾಕಿದರು. ಹೊಗೆಯಿಲ್ಲದ ಆ ಅಡುಗೆಮನೆಯಲ್ಲಿ ಅವಳು ಒಲೆಗೆ ಬೆನ್ನು ಹಾಕಿ ಕೂತಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಕತೆ ತಿಳಿಯಿತು. ಆದರೆ ಮುರಿಗೆಯ್ಯನಿಗೆ ಹೇಳಿಕೊಟ್ಟದ್ದನ್ನು ನೀವು ಹೇಳಲಿಲ್ಲ” ಎಂದ.

ಗುರುಗಳು ಹೇಳಿದರು: “ನಾನು ಅವನಿಗೆ ಏನೂ ಹೇಳಿಕೊಟ್ಟಿಲ್ಲ, ಹಾಗೆ ಕೂರುವುದು ಹೇಗೆಂದು ಮೊನ್ನೆ ನಾನೇ ಅವನನ್ನು ಕೇಳಿ ಕಲಿತೆ.”